ಕೇಳಿದವರಿಗೆ ಉತ್ತರಿಸಲು ಅಂಜಿಕೆಯೇಕೆ?

ವಿಭೂತಿ ಬುಧವಾರದ ಬೆಳಗಿನ ಬಲಿಪೂಜೆ ಮುಗಿಸಿ, ಹಣೆಯ ಮೇಲೆ ಬೂದಿಯ ಶಿಲುಬೆಯನ್ನು ಹೊತ್ತು, ಸುತ್ತಲ ಊರುಗಳಿಂದ ಸಾತನೂರಿನ ಬಸ್ ನಿಲ್ದಾಣಕ್ಕೆ ಬರುವ ನಮ್ಮವರನ್ನು ಒಮ್ಮೆ ಗಮನಿಸಿ ನೋಡಬೇಕು. ಬಸ್ಸು ಹತ್ತುವ ಮೊದಲೇ ಕರವಸ್ತ್ರ ಹೊರಬರುತ್ತದೆ. ಕೆಲವರು ಬೆವರನ್ನು ಒರೆಸಿಕೊಳ್ಳುವವರಂತೆ ಹಣೆಯನ್ನು ಒರೆಸಿಕೊಳ್ಳುತ್ತಾರೆ. ಕೆಲವರು ಸೆರಗನ್ನು ಹುಬ್ಬಿನವರೆಗೆ ಎಳೆದುಕೊಳ್ಳುತ್ತಾರೆ. ವಿಚಿತ್ರವೆಂದರೆ, ಹಣೆಗೆ ಬೂದಿ ಧರಿಸುವುದು ಈ ಸೀಮೆಯಲ್ಲಿ ಯಾರಿಗೂ ಹೊಸತಲ್ಲ. ಅದೇ ಬಸ್ಸಿನಲ್ಲಿ ಮೂರು ಪಟ್ಟೆಯ ವಿಭೂತಿ ಧರಿಸಿದ ಹಿರಿಯರು, ನಾಮ ಇಟ್ಟವರು, ಕಬ್ಬಾಳಮ್ಮನ ಗುಡಿಯಿಂದ ಕುಂಕುಮ ಹಚ್ಚಿಕೊಂಡು ಬಂದ ತಾಯಂದಿರು ಯಾವ ಸಂಕೋಚವೂ ಇಲ್ಲದೆ ಕುಳಿತಿರುತ್ತಾರೆ. ಬೂದಿಗೆ ನಾಚುವವರು ನಮ್ಮವರು ಮಾತ್ರ. ಪಕ್ಕದಲ್ಲಿ ಕುಳಿತವರು “ಇದೇನ್ರೀ, ಇವತ್ತು ನೀವೂ ಈಬತ್ತಿ ಇಟ್ಟಿದ್ದೀರಿ, ಏನು ವಿಶೇಷ?” ಎಂದು ಸಹಜವಾಗಿ ಕೇಳಿದರೆ, “ಏನಿಲ್ಲ ಬಿಡಿ, ನಮ್ಮದೊಂದು ಹಬ್ಬ” ಎಂಬ ಉತ್ತರ ಬರುತ್ತದೆ. ಅದು ಹಬ್ಬವೂ ಅಲ್ಲ, ಉಪವಾಸದ ದಿನ!

ಯಾರನ್ನೂ ಹೀಯಾಳಿಸಲೆಂದು ನಾವು ಇದನ್ನು ಬರೆಯುತ್ತಿಲ್ಲ. ಈ ಅಂಜಿಕೆಗೆ ಕಾರಣಗಳುಂಟು. ಅವುಗಳಲ್ಲಿ ಕೆಲವು ನ್ಯಾಯವಾದ ಕಾರಣಗಳೂ ಹೌದು. ನಮ್ಮ ಊರುಗಳಲ್ಲಿ ಬದುಕು ನಡೆಯುವುದೇ ನೆರೆಹೊರೆಯವರ ಹೊಂದಾಣಿಕೆಯಿಂದ. ರಾಗಿ ಕೊಯ್ಲಿಗೆ ಮುಯ್ಯಾಳು ಬೇಕು. ನಾಲ್ಕನೆಯ ಜ್ವರದಿಂದ ಎದ್ದ ರೇಷ್ಮೆ ಹುಳು ಹಸಿವಿನಿಂದ ತಟ್ಟೆ ತುಂಬ ಹರಿದಾಡುವಾಗ ಮನೆಯ ತೋಟದ ಸೊಪ್ಪು ಸಾಲದೆ ಹೋದರೆ, ಪಕ್ಕದವರ ತೋಟದ ಹಿಪ್ಪುನೇರಳೆಯೇ ಗತಿ. ಹೆಣ ಎತ್ತುವುದಕ್ಕೂ ಮದುವೆಯ ಚಪ್ಪರಕ್ಕೂ ಎಲ್ಲ ಮತದವರ ಹೆಗಲು ಬೇಕು. ಇಂತಹ ಬಾಳಿನಲ್ಲಿ ಒಂದು ಮಾತು ಹೆಚ್ಚಾಗಿ ಆಡಿ ಯಾರ ಮುಖವಾದರೂ ಕಹಿಯಾದೀತೆಂಬ ಭಯ ಬರುವುದು ಸಹಜ. ಬೆಂಗಳೂರಿನ ಕಾರ್ಖಾನೆಗೋ ಕಚೇರಿಗೋ ಹೋಗುವ ನಮ್ಮ ಯುವಕ ಯುವತಿಯರ ಭಯ ಇನ್ನೊಂದು ಬಗೆಯದು. ಭಾನುವಾರ ಎಲ್ಲಿದ್ದಿರಿ ಎಂದು ಕೇಳಿದರೆ “ಊರಿಗೆ ಹೋಗಿದ್ದೆ” ಎಂದಷ್ಟೇ ಹೇಳುತ್ತಾರೆ. ಚರ್ಚಿಗೆ ಹೋಗಿದ್ದೆ ಎಂದರೆ ನಕ್ಕಾರು, “ನಮ್ಮನ್ನೂ ಸೇರಿಸಿಕೊಳ್ಳುತ್ತೀಯಾ?” ಎಂದು ಚುಚ್ಚಿಯಾರು ಎಂಬ ಶಂಕೆ.

ಆದರೆ ಇದೇ ಜನರು, ಇದೇ ತಾಲೂಕಿನಲ್ಲಿ, ವರ್ಷಕ್ಕೊಮ್ಮೆ ತಮ್ಮ ವಿಶ್ವಾಸವನ್ನು ಊರೆಲ್ಲ ಕೇಳುವಂತೆ ಸಾರುತ್ತಾರೆ. ಅರ್ಕಾವತಿಯ ಮಗ್ಗುಲಿನ ಹಾರೋಬೆಲೆಯಲ್ಲಿ ‘ಮಹಿಮೆ’ ಎಂಬ ಹೆಸರಿನಿಂದ ಯೇಸುಸ್ವಾಮಿಯ ಪಾಡು ಮರಣಗಳ ನಾಟಕ ಒಂದು ಶತಮಾನಕ್ಕೂ ಮಿಗಿಲಾಗಿ ನಡೆದು ಬಂದಿರುವುದು ನಮ್ಮ ಓದುಗರಿಗೆ ಹೊಸ ಸಂಗತಿಯಲ್ಲ. ಅಲ್ಲಿ ಪಾತ್ರ ಕಟ್ಟುವವರು ಊರಿನ ಬೇಸಾಯಗಾರರು, ಕೂಲಿಯವರು, ಪೇಟೆಯ ಕೆಲಸದಿಂದ ಹಬ್ಬಕ್ಕೆಂದು ಊರಿಗೆ ಮರಳಿದ ಹುಡುಗರು. ನೋಡಲು ಬರುವವರಲ್ಲಿ ಕ್ರೈಸ್ತರಲ್ಲದ ನೆರೆಯವರೂ ಇರುತ್ತಾರೆ. ಮುಖಕ್ಕೆ ಬಣ್ಣ ಹಚ್ಚಿ, ಸಾವಿರಾರು ಜನರ ಎದುರು, ಕ್ರಿಸ್ತನು ನಮಗಾಗಿ ಸತ್ತನೆಂದು ತಾರಕ ಸ್ವರದಲ್ಲಿ ಹೇಳಬಲ್ಲ ಮನುಷ್ಯನೇ ಮಾರನೆಯ ವಾರ ಸಾತನೂರಿನ ಟೀ ಅಂಗಡಿಯಲ್ಲಿ ಒಬ್ಬನೇ ಒಬ್ಬ ಗೆಳೆಯನು ಕೇಳಿದ ಸಣ್ಣ ಪ್ರಶ್ನೆಗೆ ತಡವರಿಸುತ್ತಾನೆ. ರಂಗದ ಮೇಲೆ ಇಲ್ಲದ ಭಯ ಟೀ ಅಂಗಡಿಯಲ್ಲಿ ಏಕೆ ಹುಟ್ಟಿತು? ರಂಗದ ಮೇಲೆ ಅವನು ಮಾತನಾಡುವುದು ಜನಸ್ತೋಮದೊಡನೆ. ಆ ಮಾತು ಕಂಠಪಾಠವಾದ ಮಾತು, ಊರಿನ ಮಾತು. ಟೀ ಅಂಗಡಿಯಲ್ಲಿ ಎದುರಿಗಿರುವುದು ಒಂದೇ ಮುಖ, ಹೇಳಬೇಕಾದದ್ದು ತನ್ನದೇ ಮಾತು. ತಿರಸ್ಕಾರ ಬಂದರೆ ಅದು ಪಾತ್ರಕ್ಕಲ್ಲ, ನೇರವಾಗಿ ತನಗೆ.

ಈ ನಾಡಿನಲ್ಲಿ ನಮ್ಮ ವಿಶ್ವಾಸ ಹರಡಿದ್ದೇ ಮುಖಾಮುಖಿ ಮಾತಿನಿಂದ. 1640ರ ದಶಕದ ಕೊನೆಯಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯ ಕಾಲಕ್ಕೆ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದರು. ಈ ಸೀಮೆಯ ಹಳೆಯ ಕ್ರೈಸ್ತ ಊರುಗಳು ತಮ್ಮ ಮೂಲವನ್ನು ಹೇಳುವಾಗ ಆ ಹದಿನೇಳನೆಯ ಶತಮಾನದ ಗುರುಗಳ ಕಾಲದತ್ತಲೇ ಬೊಟ್ಟು ಮಾಡುತ್ತವೆ. ಆ ಗುರುಗಳ ಹಿಂದೆ ಸೈನ್ಯವಿರಲಿಲ್ಲ, ಅಧಿಕಾರವಿರಲಿಲ್ಲ. ಅವರು ಮೊದಲು ಮಾಡಿದ ಕೆಲಸ ಕನ್ನಡ ಕಲಿತದ್ದು. ಚಿನ್ನಮಿಯವರು ಕನ್ನಡದ ವ್ಯಾಕರಣವನ್ನೂ ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕಗಳನ್ನೂ ಬರೆದರು. ಸನ್ಯಾಸಿಗಳ ಉಡುಪಿನಲ್ಲಿ, ಸನ್ಯಾಸಿಗಳ ಆಹಾರ ನಿಯಮದಲ್ಲಿ ಬಾಳಿದರು. ಕೇಳಲು ಬಂದವರಿಗೆ ಅವರದೇ ನುಡಿಯಲ್ಲಿ ಉತ್ತರಿಸಿದರು. ಹಲವರು ಕೇಳಿ ಹೊರಟು ಹೋದರು, ಕೆಲವರು ಉಳಿದರು. ಉಳಿದವರ ಮೊಮ್ಮಕ್ಕಳ ಮೊಮ್ಮಕ್ಕಳು ನಾವು. ಯಾರೋ ಒಬ್ಬರು ನಗೆಪಾಟಲಾಗುವ ಭಯವನ್ನು ಬದಿಗಿಟ್ಟು ಮಾತನಾಡಿದುದರಿಂದಲೇ ನಮ್ಮ ಮನೆಗಳಲ್ಲಿ ಇಂದು ಜಪಸರವಿದೆ.

ಆ ಚರಿತ್ರೆಯಲ್ಲಿ ಸೋತೆನೆಂದುಕೊಂಡವರೂ ಇದ್ದಾರೆ. ಫ್ರಾನ್ಸಿನ ಅಬ್ಬೆ ದುಬಾಯ್ ಅವರನ್ನು ಮೈಸೂರು ಸೀಮೆಯ ಜನರು ‘ದೊಡ್ಡಸ್ವಾಮಿಯವರು’ ಎಂದು ಕರೆದರು. 1792ರಲ್ಲಿ ಭಾರತಕ್ಕೆ ಬಂದ ಇವರು 1799ರಲ್ಲಿ ಟಿಪ್ಪು ಸುಲ್ತಾನರ ಪತನವಾದ ಮೇಲೆ, ಚದುರಿ ಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಈ ನಾಡಿಗೆ ಬಂದರು. ಬೇಸಾಯದ ನೆಲೆಗಳನ್ನು ಕಟ್ಟಿದರು, ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ದುಡಿದರು, ಜನರ ಆಚಾರ ವಿಚಾರಗಳನ್ನು ಹತ್ತಿರದಿಂದ ನೋಡಿ ದೊಡ್ಡ ಗ್ರಂಥ ಬರೆದರು. 1823ರಲ್ಲಿ ಈ ದೇಶವನ್ನು ಬಿಟ್ಟು ಹೋದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ, ಇಲ್ಲಿಯ ಹಿಂದೂಗಳು ಕ್ರೈಸ್ತರಾಗುವುದು ಆಗದ ಮಾತು ಎಂದು ವಾದಿಸಿದರು. ಮೂವತ್ತು ವರ್ಷ ದುಡಿದ ಮನುಷ್ಯನ ನೋವು ಅದು. ಆ ನೋವನ್ನು ನಾವು ಗೌರವಿಸುತ್ತೇವೆ. ಆದರೂ ನಮಗೆ ಅನಿಸುವುದಿಷ್ಟು: ದೊಡ್ಡಸ್ವಾಮಿಯವರು ತಮ್ಮ ದುಡಿಮೆಯನ್ನು ಬಂದವರ ಲೆಕ್ಕದಿಂದ ಅಳೆದರು. ಜನರಾದರೋ ಅವರನ್ನು ಅವರ ಬಾಳಿನಿಂದ ಅಳೆದು ಆ ಹೆಸರಿಟ್ಟರು. ಎರಡು ಅಳತೆಗಳಲ್ಲಿ ಯಾವುದು ಸರಿಯೆಂದು ಕೇಳಿದರೆ ನಮ್ಮ ಉತ್ತರ ಜನರ ಕಡೆಗೇ.

ಈ ಲೆಕ್ಕದ ಮಾತು ನಮ್ಮ ಇಂದಿನ ಭಯಕ್ಕೆ ನೇರವಾಗಿ ಸಂಬಂಧಿಸಿದೆ. ವಿಶ್ವಾಸವನ್ನು ಹಂಚಿಕೊಳ್ಳುವುದೆಂದರೆ ಎದುರಿನವರನ್ನು ನಮ್ಮ ಕಡೆಗೆ ತರುವುದೆಂದು ನಾವು ಎಣಿಸಿಕೊಂಡಿದ್ದೇವೆ. ಹಾಗೆ ಎಣಿಸಿದ ಕೂಡಲೇ ಅವರು ಬಾರದಿದ್ದರೆ ಅದು ನಮ್ಮ ಸೋಲು, ಅವರು ಮುಖ ತಿರುಗಿಸಿದರೆ ಅದು ನಮ್ಮ ಅವಮಾನ. ಆದರೆ ಸಂತ ಪೇತ್ರರು ತಮ್ಮ ಮೊದಲನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ ನಮಗೆ ಒಪ್ಪಿಸಿರುವ ಕೆಲಸ ಬಹಳ ಚಿಕ್ಕದು. ನಿಮ್ಮ ನಂಬಿಕೆ ನಿರೀಕ್ಷೆಗಳಿಗೆ ಕಾರಣವೇನೆಂದು ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆ ಉತ್ತರ ಸೌಮ್ಯವಾಗಿರಲಿ, ಮರ್ಯಾದೆಯಿಂದಿರಲಿ ಎಂಬುದು ಅವರ ಬೋಧನೆಯ ಸಾರ. ಕೇಳಿದವರನ್ನು ಒಪ್ಪಿಸಿರಿ ಎಂದು ಅಲ್ಲಿಲ್ಲ. ಇದನ್ನು ಬರೆದವರು ಯಾರೆಂಬುದನ್ನೂ ಮರೆಯಬಾರದು. ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸುತ್ತಾ ಕುಳಿತು, ಮನೆಗೆಲಸದ ಒಬ್ಬ ಹೆಣ್ಣುಮಗಳ ಪ್ರಶ್ನೆಗೆ ಬೆಚ್ಚಿ, ಆ ಮನುಷ್ಯನನ್ನು ನಾನರಿಯೆ ಎಂದವರೇ ಅವರು. ಪೇತ್ರರನ್ನು ಅಂದು ಸೋಲಿಸಿದ್ದು ರೋಮಿನ ಸೈನಿಕನ ಈಟಿಯಲ್ಲ, ಸಾಮಾನ್ಯ ಹೆಂಗಸಿನ ಒಂದು ಪ್ರಶ್ನೆ. ನಮ್ಮ ಟೀ ಅಂಗಡಿಯ ಪ್ರಶ್ನೆಯೂ ಅಂಥದ್ದೇ.

ಈ ಬಗೆಯ ಮನೆಮಂದಿಯ ಭಯಕ್ಕೆ ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯಕ್ಕಿಂತ ಒಳ್ಳೆಯ ಕನ್ನಡಿ ಇಲ್ಲ. ಹುಟ್ಟುಕುರುಡನಾದ ಮಗನಿಗೆ ಯೇಸುಸ್ವಾಮಿ ಕಣ್ಣು ಕೊಟ್ಟರು. ಅಧಿಕಾರಿಗಳು ತಂದೆ ತಾಯಿಯನ್ನು ಕರೆಸಿ ಕೇಳಿದಾಗ ಅವರು, ಇವನು ನಮ್ಮ ಮಗ, ಹುಟ್ಟುಕುರುಡನಾಗಿದ್ದುದು ನಿಜ, ಈಗ ಹೇಗೆ ಕಾಣುತ್ತಾನೋ ತಿಳಿಯದು, ಅವನೇ ಪ್ರಾಯದವನು, ಅವನನ್ನೇ ಕೇಳಿ ಎಂದು ಜಾರಿಕೊಂಡರು. ಪ್ರಾರ್ಥನಾ ಮಂದಿರದಿಂದ ಬಹಿಷ್ಕಾರ ಹಾಕಿಯಾರೆಂಬ ಅಂಜಿಕೆ. ಅವರು ಕೆಟ್ಟವರಲ್ಲ, ನಮ್ಮ ನಿಮ್ಮಂತಹ ಸಂಸಾರಸ್ಥರು. ಆದರೆ ಆ ದಿನ ಮಗನು ಒಬ್ಬಂಟಿಯಾಗಿ ನಿಲ್ಲಬೇಕಾಯಿತು. ಅವನಿಗೆ ದೊಡ್ಡ ಪಾಂಡಿತ್ಯವಿರಲಿಲ್ಲ. ಮೊದಲು ಕಾಣುತ್ತಿರಲಿಲ್ಲ, ಈಗ ಕಾಣುತ್ತಿದ್ದೇನೆ ಎಂದಷ್ಟೇ ಅವನು ಬಲ್ಲ. ಅದನ್ನೇ ಹೇಳಿದ, ಹೊರಗೆ ಹಾಕಿಸಿಕೊಂಡ. ಹೊರಗೆ ಹಾಕಿದ ಸುದ್ದಿ ಕೇಳಿ ಯೇಸುಸ್ವಾಮಿ ತಾವೇ ಅವನನ್ನು ಹುಡುಕಿಕೊಂಡು ಬಂದರು. ನಮ್ಮ ಮನೆಗಳಲ್ಲಿಯೂ ಮಕ್ಕಳು ಶಾಲೆಯಲ್ಲಿ “ನೀವು ಯಾವ ದೇವರಿಗೆ ಕೈ ಮುಗಿಯುತ್ತೀರಿ?” ಎಂಬ ಪ್ರಶ್ನೆಯನ್ನು ಒಬ್ಬರೇ ಎದುರಿಸುತ್ತಾರೆ. ಸಂಜೆ ಮನೆಗೆ ಬಂದು ಹೇಳಿದಾಗ “ಅದೆಲ್ಲ ಮಾತಾಡಬೇಡ, ಸುಮ್ಮನಿರು” ಎಂಬ ಬುದ್ಧಿಮಾತೇ ಸಿಗುವುದಾದರೆ, ಆ ಮಗು ಕಲಿಯುವ ಮೊದಲ ಧರ್ಮೋಪದೇಶ ಯಾವುದು?

ಹೊರಗಿನ ಪರಿಸ್ಥಿತಿಯ ಮಾತನ್ನು ನಾವು ಮರೆತಿಲ್ಲ. 2019ರ ಕ್ರಿಸ್ತಜಯಂತಿಯ ದಿನ ಹಾರೋಬೆಲೆಯ ಕಪಾಲ ಬೆಟ್ಟದಲ್ಲಿ 114 ಅಡಿಯ ಯೇಸುಸ್ವಾಮಿಯ ಪ್ರತಿಮೆಗೆ ಕ್ಷೇತ್ರದ ಶಾಸಕ ಡಿ.ಕೆ. ಶಿವಕುಮಾರ್ ಶಿಲಾನ್ಯಾಸ ಮಾಡಿದರು. ಅದಕ್ಕಾಗಿ 10 ಎಕರೆ ಜಾಗದ ವ್ಯವಸ್ಥೆಯಾಗಿತ್ತು. ಮೂರು ವಾರ ಕಳೆಯುವುದರೊಳಗೆ, 2020ರ ಜನವರಿ 13ರಂದು, ಕನಕಪುರ ಪೇಟೆಯಲ್ಲಿ ಅದರ ವಿರುದ್ಧ ದೊಡ್ಡ ಮೆರವಣಿಗೆ ನಡೆಯಿತು. ಅದೇ ಮಾರ್ಚಿಯಲ್ಲಿ ದೇವನಹಳ್ಳಿ ಬಳಿಯ ದೊಡ್ಡಸಾಗರಹಳ್ಳಿಯ ಮಹಿಮಾ ಬೆಟ್ಟದಲ್ಲಿದ್ದ ಯೇಸುಸ್ವಾಮಿಯ ಪ್ರತಿಮೆಯನ್ನು ಅಧಿಕಾರಿಗಳು ತೆರವುಗೊಳಿಸಿದರು. ಅದುವರೆಗೆ ನಮ್ಮ ತಾಲೂಕಿನ ಕ್ರೈಸ್ತರ ಹೆಸರನ್ನೇ ಕೇಳಿರದ ದೂರದ ಜನರು ದೂರದರ್ಶನದ ಮುಂದೆ ಕುಳಿತು ನಮ್ಮ ಬೆಟ್ಟವನ್ನು ಚರ್ಚಿಸಿದರು. ಪ್ರತಿಮೆ ಬೇಕೋ ಬೇಡವೋ ಎಂಬುದು ಈ ಬರಹದ ವಿಷಯವಲ್ಲ. ನಮಗೆ ಮುಖ್ಯವಾಗಿ ಕಾಣುವುದು ಬೇರೆ. ಆ ಗದ್ದಲದ ದಿನಗಳಲ್ಲಿ, ಕಪಾಲ ಬೆಟ್ಟವೆಂಬ ಹೆಸರು ಏಕೆ ಬಂತು, ಯೇಸುಸ್ವಾಮಿ ಸತ್ತ ಗೊಲ್ಗೊಥಾಕ್ಕೆ ಕಪಾಲ ಸ್ಥಳವೆಂಬ ಅರ್ಥವಿದೆ, ನಮ್ಮ ಅಜ್ಜಂದಿರು ಅಲ್ಲಿ ಶಿಲುಬೆ ಹಾದಿ ಮಾಡಲು ಕಾರಣವೇನು ಎಂಬ ಸರಳ ಸಂಗತಿಗಳನ್ನು ಪಕ್ಕದ ಊರಿನ ಸ್ನೇಹಿತರಿಗೆ ಕುಳಿತು ಹೇಳಿದವರು ನಮ್ಮಲ್ಲಿ ಎಷ್ಟು ಮಂದಿ? ನೂರಾ ಹದಿನಾಲ್ಕು ಅಡಿಯ ಕಲ್ಲಾದರೂ ಆ ಪ್ರಶ್ನೆಗೆ ಬಾಯಿ ಬಿಟ್ಟು ಉತ್ತರ ಹೇಳಲಾರದು. ಅದನ್ನು ಹೇಳಬೇಕಾದವರು ಮನುಷ್ಯರೇ.

ಆಮೇಲೆ ಬಂದದ್ದು ಕಾನೂನು. ಮತಾಂತರದ ಕುರಿತ ಮಸೂದೆ 2021ರ ಡಿಸೆಂಬರಿನಲ್ಲಿ ವಿಧಾನಸಭೆಯಲ್ಲಿ ಅಂಗೀಕಾರವಾಗಿ, 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾಯ್ದೆಯಾಯಿತು. ಬಲವಂತ, ವಂಚನೆ, ಆಮಿಷಗಳಿಂದಾಗುವ ಮತಾಂತರಕ್ಕೆ ಮೂರರಿಂದ ಐದು ವರ್ಷ, ಕೆಲವು ಸಂದರ್ಭಗಳಲ್ಲಿ ಹತ್ತು ವರ್ಷದವರೆಗಿನ ಸೆರೆವಾಸವನ್ನು ಅದು ವಿಧಿಸಿತು. 2023ರ ಜೂನಿನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ಹಿಂದಕ್ಕೆ ಪಡೆಯುವ ತೀರ್ಮಾನ ಕೈಗೊಂಡಿತು. ಆದರೆ ಕಾನೂನಿಗಿಂತ ವೇಗವಾಗಿ ಓಡಿದ್ದು ಅದರ ನೆರಳು. ರೋಗಿಯ ಮನೆಗೆ ಹೋಗಿ ಪ್ರಾರ್ಥಿಸಬಹುದೇ, ಕ್ರಿಸ್ತಜಯಂತಿಯ ಕೇಕ್ ಹಂಚಿದರೆ ಅದು ಆಮಿಷವೇ ಎಂದು ನಮ್ಮವರು ಧರ್ಮಕೇಂದ್ರದ ಗುರುಗಳನ್ನು ಕೇಳುವ ಕಾಲ ಬಂತು.

ಆದ್ದರಿಂದ ಸಂವಿಧಾನದ ಮಾತನ್ನು ಸ್ವಲ್ಪ ತಿಳಿದಿರುವುದು ಲೇಸು. ಅದರ 25ನೆಯ ವಿಧಿ ಅಂತಃಕರಣ ಸ್ವಾತಂತ್ರ್ಯವನ್ನೂ, ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಎಲ್ಲ ವ್ಯಕ್ತಿಗಳಿಗೆ ಸಮನಾಗಿ ಕೊಟ್ಟಿದೆ. ‘ಪ್ರಚಾರ’ ಎಂಬ ಆ ಒಂದು ಪದ ಉಳಿಯಬೇಕೋ ಬೇಡವೋ ಎಂದು ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ಬಿಸಿಯಾದ ಚರ್ಚೆ ನಡೆಯಿತು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜಾ ಆ ಸಭೆಯ ಸದಸ್ಯರಾಗಿದ್ದರು. ಆದರೆ ಆ ಪದದ ಪರವಾಗಿ ನಿಂತವರು ಕ್ರೈಸ್ತರಷ್ಟೇ ಅಲ್ಲ. ಕೆ.ಎಂ. ಮುನ್ಶಿ ನಿಂತರು, ಟಿ.ಟಿ. ಕೃಷ್ಣಮಾಚಾರಿ ನಿಂತರು. ತಾವು ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿಯೂ ತಮ್ಮನ್ನು ಮತಾಂತರಿಸುವ ಯತ್ನ ನಡೆಯಲಿಲ್ಲವೆಂದು ಕೃಷ್ಣಮಾಚಾರಿಯವರು ಸಭೆಗೆ ತಿಳಿಸಿದರು. ಮುಂದೆ 1977ರಲ್ಲಿ ಸರ್ವೋಚ್ಚ ನ್ಯಾಯಾಲಯ, ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ, ಈ ಹಕ್ಕಿಗೆ ಒಂದು ಗೆರೆ ಎಳೆಯಿತು. ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹೇಳುವುದು ಹಕ್ಕು, ಮತ್ತೊಬ್ಬನನ್ನು ತನ್ನ ಮತಕ್ಕೆ ಪರಿವರ್ತಿಸುವುದು ಆ ಹಕ್ಕಿನೊಳಗೆ ಬರುವುದಿಲ್ಲ ಎಂಬುದು ಆ ತೀರ್ಪು. ನಮ್ಮಲ್ಲಿ ಕೆಲವರಿಗೆ ಈ ತೀರ್ಪು ಇಷ್ಟವಿಲ್ಲ. ಅದರ ತರ್ಕವನ್ನು ಪ್ರಶ್ನಿಸಿದ ಕಾನೂನು ಪಂಡಿತರೂ ಇದ್ದಾರೆ. ಆದರೆ ಟೀ ಅಂಗಡಿಯಲ್ಲಿ ಕುಳಿತವನಿಗೆ ಆ ಗೆರೆಯೊಳಗಿನ ಜಾಗವೇ ಬೇಕಾದಷ್ಟು ದೊಡ್ಡದು.

ಧರ್ಮಸಭೆಯ ನಿಲುವೂ ಇದಕ್ಕೆ ದೂರವಾದುದಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಪ್ರಕಟಿಸಿದ ದಾಖಲೆಗಳಲ್ಲಿ ಒಂದು ಶುಭಸಂದೇಶ ಪ್ರಚಾರದ ಬಗ್ಗೆ, ಇನ್ನೊಂದು ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ. ಎರಡೂ ಒಂದೇ ದಿನ ಹೊರಬಿದ್ದವು. ಕ್ರಿಸ್ತನನ್ನು ಸಾರುವುದು ಸಭೆಯ ಸ್ವಭಾವವೆಂದು ಒಂದು ಹೇಳಿದರೆ, ಯಾವ ಮನುಷ್ಯನ ಅಂತಃಕರಣವನ್ನೂ ಒತ್ತಾಯಿಸಕೂಡದೆಂದು ಮತ್ತೊಂದು ಹೇಳಿತು. ಇವೆರಡನ್ನೂ ಒಟ್ಟಿಗೆ ಹಿಡಿದವನಿಗೆ ತಿರಸ್ಕಾರದ ಭಯ ಅರ್ಧಕ್ಕರ್ಧ ಇಳಿದು ಹೋಗುತ್ತದೆ ಎಂಬುದು ನಮ್ಮ ಅನಿಸಿಕೆ. ಬೇಡವೆನ್ನುವ ಹಕ್ಕು ಎದುರಿನವನಿಗೆ ದೇವರೇ ಕೊಟ್ಟದ್ದಾದರೆ, ಅವನು ಬೇಡವೆಂದಾಗ ನಮ್ಮದೇನು ಕಳೆಯಿತು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಬಾಯಿಮಾತಿನ ಗೊಡವೆ ಏಕೆ, ನಮ್ಮ ಶಾಲೆ ಆಸ್ಪತ್ರೆಗಳ ಸೇವೆಯೇ ಸಾಕ್ಷಿಯಲ್ಲವೇ ಎಂದು ವಿಚಾರವಂತರಾದ ಕೆಲವರು ಕೇಳುತ್ತಾರೆ. ನಿಜ, ಬಾಳಿಲ್ಲದ ಬೋಧನೆ ಗಾಳಿಗೆ ತೂರಿದ ಹೊಟ್ಟು. ವಿಶ್ವಗುರು ಆರನೆಯ ಪೌಲರು 1975ರ ಡಿಸೆಂಬರಿನಲ್ಲಿ ಹೊರಡಿಸಿದ ಪ್ರಬೋಧನೆಯಲ್ಲಿ ಬಾಳಿನ ಸಾಕ್ಷ್ಯಕ್ಕೇ ಮೊದಲ ಸ್ಥಾನ ಕೊಟ್ಟರು. ಆದರೆ ಅದೇ ಪ್ರಬೋಧನೆಯಲ್ಲಿ, ಎಷ್ಟೇ ಚಂದದ ಬಾಳಾದರೂ ಅದರ ಹಿಂದಿನ ಕಾರಣವನ್ನು ಒಮ್ಮೆಯಾದರೂ ಬಾಯಿಬಿಟ್ಟು ಹೇಳದಿದ್ದರೆ ಅದು ಸಾಲದಾಗುತ್ತದೆ ಎಂದೂ ತಿಳಿಸಿದ್ದಾರೆ. ಈ ಎರಡನೆಯ ಭಾಗವನ್ನು ನಮ್ಮವರು ಜಾಣತನದಿಂದ ಮರೆಯುತ್ತಾರೆ. ಸೇವೆಯ ಹೆಸರಿನಲ್ಲಿ ಮೌನಕ್ಕೆ ಸಮರ್ಥನೆ ಸಿಕ್ಕಿಬಿಡುತ್ತದೆ.

ಮೌನದ ಬೆಲೆಯನ್ನು ನಾವು ಸರಿಯಾಗಿ ತೂಗಿ ನೋಡಿಲ್ಲ. ಪ್ರಶ್ನೆ ಕೇಳಿದ ನೆರೆಯವನಿಗೆ “ಏನಿಲ್ಲ ಬಿಡಿ” ಎಂದಾಗ ಅವನು ಏನೆಂದುಕೊಳ್ಳುತ್ತಾನೆ? ನಮ್ಮ ವಿನಯವನ್ನು ಮೆಚ್ಚುತ್ತಾನೆಯೇ? ಇಲ್ಲ. ಇವರಿಗೆ ನಮ್ಮೊಡನೆ ಹೇಳಿಕೊಳ್ಳಲು ಮನಸ್ಸಿಲ್ಲ ಎಂದುಕೊಳ್ಳುತ್ತಾನೆ. ತನ್ನ ಮನೆಯ ಗೌರಿ ಹಬ್ಬದ ಬಾಗಿನದ ಬಗೆಗೋ, ಕಬ್ಬಾಳಮ್ಮನಿಗೆ ಹೊತ್ತ ಹರಕೆಯ ಬಗೆಗೋ ಅವನು ನಮಗೆ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ನಾವು ಮಾತ್ರ ಬಾಗಿಲು ಹಾಕಿಕೊಂಡೆವು. ಅವನು ನಮ್ಮನ್ನು ತಿರಸ್ಕರಿಸಿಯಾನೆಂದು ಹೆದರಿ ನಾವೇ ಮೊದಲು ಅವನ ಪ್ರಶ್ನೆಯನ್ನು ತಿರಸ್ಕರಿಸಿದಂತಾಯಿತು. ಇನ್ನೂ ಒಂದು ಕೇಡಿದೆ. ಮುಚ್ಚಿಟ್ಟದ್ದೆಲ್ಲ ಸಂಶಯಕ್ಕೆ ಎಡೆ. ಚರ್ಚಿನೊಳಗೆ ಏನು ನಡೆಯುತ್ತದೆಂದು ನಮ್ಮ ಬಾಯಿಂದ ಕೇಳದವನು ಅದನ್ನು ಮೆರವಣಿಗೆಯ ಭಾಷಣದಿಂದಲೋ, ಕೈಯಲ್ಲಿರುವ ಮೊಬೈಲಿನಿಂದಲೋ ಕೇಳುತ್ತಾನೆ. ಆಮೇಲೆ ಅವನನ್ನು ದೂರುವುದರಲ್ಲಿ ಅರ್ಥವಿಲ್ಲ.

ಭಯವೆಂದು ನಾವು ಕರೆಯುವುದರಲ್ಲಿ ಒಂದು ಪಾಲು ಅಜ್ಞಾನ ಎಂಬ ಗುಮಾನಿಯೂ ನಮಗಿದೆ. ದೃಢೀಕರಣ ಸಂಸ್ಕಾರದೊಂದಿಗೆ ಧರ್ಮೋಪದೇಶದ ಪುಸ್ತಕ ಅಟ್ಟಕ್ಕೆ ಸೇರುತ್ತದೆ. ನಲವತ್ತು ವರ್ಷದ ಗೃಹಸ್ಥನಿಗೆ ಹದಿನಾಲ್ಕು ವರ್ಷದ ಹುಡುಗನ ಉತ್ತರಗಳಷ್ಟೇ ಗೊತ್ತಿರುತ್ತವೆ. ಮೇರಿಮಾತೆಯನ್ನು ಪೂಜಿಸುತ್ತೀರಾ ಎಂದರೆ ಏನು ಹೇಳಬೇಕು? ನಿಮ್ಮ ಗುರುಗಳೇಕೆ ಮದುವೆಯಾಗುವುದಿಲ್ಲ ಎಂದರೆ? ಅಪ್ಪದ ತುಂಡನ್ನು ದೇವರೆನ್ನುತ್ತೀರಲ್ಲ ಎಂದರೆ? ಉತ್ತರ ತಿಳಿಯದಾಗ ಅಂಜಿಕೆಯೆಂಬ ಗೌರವದ ಹೆಸರು ಅನುಕೂಲಕ್ಕೆ ಬರುತ್ತದೆ. ತಿಳಿದಿದ್ದರೂ ನಮ್ಮ ಪೂಜಾಭಾಷೆ ಅಡ್ಡ ಬರುತ್ತದೆ. ‘ಪರಮಪ್ರಸಾದ’, ‘ಸ್ನಾನದೀಕ್ಷೆ’, ‘ರಕ್ಷಣಾ ಯೋಜನೆ’ ಎಂಬ ಮಾತುಗಳು ನಮಗೆ ಪ್ರಿಯವಾದುವು, ಆದರೆ ಹೊರಗಿನವರಿಗೆ ಅವು ಬೀಗ ಹಾಕಿದ ಪೆಟ್ಟಿಗೆಗಳು. ಬೂದಿಯ ಬಗ್ಗೆ ಕೇಳಿದವರಿಗೆ, “ಮಣ್ಣಿನಿಂದ ಬಂದವರು ಮಣ್ಣಿಗೇ ಹೋಗುತ್ತೇವೆ ಅಂತ ನೆನಪು ಮಾಡಿಕೊಳ್ಳೋದಕ್ಕೆ ಇಟ್ಟಿದ್ದು. ಇವತ್ತಿನಿಂದ ನಲವತ್ತು ದಿನ ನಮಗೆ ಉಪವಾಸ, ತಪ್ಪಿಗೆ ಪಶ್ಚಾತ್ತಾಪ” ಎಂದರೆ ಸಾಕು. ಹಳ್ಳಿಯ ಯಾವ ಹಿರಿಯನೂ ಇದಕ್ಕೆ ನಗಲಾರ. ಬಹುಶಃ ತನ್ನ ಮನೆಯ ಉಪವಾಸದ ಕಥೆ ಹೇಳಲು ತೊಡಗುತ್ತಾನೆ. ಆಗ ಕೇಳಿಸಿಕೊಳ್ಳುವ ಸರದಿ ನಮ್ಮದು.

ಕೇಳಿಸಿಕೊಳ್ಳುವ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಈಚೆಗೆ ಕೆಲವು ಉತ್ಸಾಹಿಗಳು ಇತರರ ದೇವರುಗಳನ್ನು ಜರೆದು ತಮ್ಮ ವಿಶ್ವಾಸವನ್ನು ಮೆರೆಸಲು ಹೊರಟು, ಬೈಸಿಕೊಂಡು ಬಂದು, ಅದನ್ನು ಕ್ರಿಸ್ತನಿಗಾಗಿ ಪಟ್ಟ ಹಿಂಸೆಯೆಂದು ಕರೆಯುತ್ತಾರೆ. ಬೈದವನಿಗೆ ಬೈಗುಳ ಸಿಕ್ಕಿದರೆ ಅದು ಹಿಂಸೆಯಲ್ಲ, ಸಾಲ ತೀರುವಳಿ. ಪ್ರೇಷಿತರ ಕಾರ್ಯಕಲಾಪಗಳ ಹದಿನೇಳನೆಯ ಅಧ್ಯಾಯದಲ್ಲಿ ಸಂತ ಪೌಲರು ಅಥೆನ್ಸಿನಲ್ಲಿ ಏನು ಮಾಡಿದರೆಂದು ನೋಡಬೇಕು. ಊರೆಲ್ಲ ವಿಗ್ರಹಗಳನ್ನು ಕಂಡು ಮನಸ್ಸು ಕುದಿದಿದ್ದರೂ, ಮಾತು ತೆಗೆದಾಗ ಅಲ್ಲಿಯ ಜನರ ದೈವಭಕ್ತಿಯನ್ನು ಹೇಳಿಯೇ ಆರಂಭಿಸಿದರು. ಅವರೇ ಕಟ್ಟಿದ್ದ, ಅರಿಯದ ದೇವರ ಬಲಿಪೀಠದಿಂದಲೇ ಮುಂದುವರಿದರು. ಅವರ ಕವಿಗಳ ಮಾತನ್ನು ಎತ್ತಿಕೊಂಡರು. ಅಷ್ಟಾದರೂ ಫಲವೇನು? ಪುನರುತ್ಥಾನದ ಮಾತು ಬಂದೊಡನೆ ಕೆಲವರು ನಕ್ಕರು. ಕೆಲವರು ಇನ್ನೊಮ್ಮೆ ಕೇಳೋಣವೆಂದು ಎದ್ದು ಹೋದರು. ದಿಯೊನಿಸಿಯ, ದಾಮರಿ ಮೊದಲಾದ ಕೆಲವೇ ಮಂದಿ ನಂಬಿದರು. ಪೌಲರಂತಹ ಪೌಲರಿಗೇ ಆ ದಿನ ಸಿಕ್ಕಿದ್ದು ಇಷ್ಟು. ನಮ್ಮ ಮಾತಿಗೆ ಊರೇ ತಲೆದೂಗಬೇಕೆಂದು ನಾವು ಬಯಸುವುದು ಯಾವ ನ್ಯಾಯ?

ತಿರಸ್ಕಾರ ಬರುವುದೇ ಇಲ್ಲವೆಂದು ನಾವು ಭರವಸೆ ಕೊಡಲಾರೆವು. ಬರುತ್ತದೆ. ಕೆಲವು ಮನೆಗಳಲ್ಲಿ ಬೀಗರ ಕಡೆಯಿಂದ ಬಂದಿದೆ, ಕೆಲವು ಕಡೆ ಬಾಡಿಗೆ ಮನೆ ಕೊಡದ ರೂಪದಲ್ಲಿ ಬಂದಿದೆ. ಯೇಸುಸ್ವಾಮಿಗೇ ಅದು ನಜರೇತಿನಲ್ಲಿ, ಸ್ವಂತ ಊರಿನಲ್ಲಿ, ಚಿಕ್ಕಂದಿನಿಂದ ಕಂಡವರ ಕೈಯಿಂದಲೇ ಬಂತು. ಗುಡ್ಡದ ಅಂಚಿಗೆ ತಳ್ಳಿಕೊಂಡು ಹೋದ ಆ ಜನರ ನಡುವಿನಿಂದ ಅವರು ಸುಮ್ಮನೆ ಹಾದು ಮುಂದಿನ ಊರಿಗೆ ಹೋದರು, ಶಾಪ ಹಾಕಲಿಲ್ಲ. ನಮಗೂ ಪರೀಕ್ಷೆ ಇರುವುದು ತಿರಸ್ಕಾರದ ಮಾರನೆಯ ದಿನವೇ. ನಿನ್ನೆ ನಮ್ಮ ಮಾತನ್ನು ಕೇಳಿ ಮುಖ ಸಿಂಡರಿಸಿದವನ ಮನೆಯಲ್ಲಿ ಇಂದು ಹುಳುವಿಗೆ ಸೊಪ್ಪು ಸಾಲದು ಎಂದಾಗ, ನಮ್ಮ ತೋಟದ ಸೊಪ್ಪನ್ನು ಎಂದಿನಂತೆ ಕೊಯ್ದು ಕೊಡುತ್ತೇವೆಯೇ? ಕೊಡದಿದ್ದರೆ, ನಿನ್ನೆ ನಾವು ಹಂಚಿಕೊಂಡದ್ದು ವಿಶ್ವಾಸವನ್ನಲ್ಲ. ವ್ಯಾಪಾರ ಕುದುರಲಿಲ್ಲವೆಂದು ಸಿಟ್ಟಾದೆವು ಅಷ್ಟೆ. ಕೊಟ್ಟರೆ, ಆ ಸೊಪ್ಪು ಆಮಿಷವೆಂದು ಯಾವ ಕಾಯ್ದೆಯೂ ಹೇಳಲಾರದು, ಏಕೆಂದರೆ ಅವನ ‘ಬೇಡ’ ಎಂಬ ಉತ್ತರ ಆಗಲೇ ಬಂದಾಗಿದೆ.

ಧರ್ಮಕೇಂದ್ರಗಳು ಈ ವಿಷಯದಲ್ಲಿ ಮಾಡಬಹುದಾದ ಒಂದು ಕೆಲಸವನ್ನು ಸೂಚಿಸಿ ಮುಗಿಸುತ್ತೇವೆ. ತಪಸ್ಸು ಕಾಲದ ಮನೆಮನೆಯ ಪ್ರಾರ್ಥನಾ ಕೂಟಗಳಲ್ಲಿ ಜಪಸರ, ಕೀರ್ತನೆಗಳಾದ ಮೇಲೆ ಕಾಲು ಗಂಟೆಯಾದರೂ, ನೆರೆಯವರು ಆ ವಾರ ನಿಜವಾಗಿ ಕೇಳಿದ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ಮನೆಮಾತಿನ ಕನ್ನಡದಲ್ಲಿ ಉತ್ತರ ಹುಡುಕುವ ಪದ್ಧತಿಯಾಗಲಿ. ಮಕ್ಕಳೂ ಅಲ್ಲಿ ಕುಳಿತಿರಲಿ. ಅವರಿಗೆ ಬರುವ ಪ್ರಶ್ನೆಗಳು ದೊಡ್ಡವರವಕ್ಕಿಂತ ಕಠಿಣ. ಹಾಗೆಯೇ, ಮಹಿಮೆಯನ್ನು ನೋಡಲು ಬೇರೆ ಊರುಗಳ ಗೆಳೆಯರನ್ನು ಕರೆತರುವವರು ಅವರನ್ನು ಚಾಪೆಯ ಮೇಲೆ ಕೂರಿಸಿ ತಾವು ನೇಪಥ್ಯದ ಕಡೆಗೆ ಓಡದೆ, ಅವರ ಮಗ್ಗುಲಲ್ಲೇ ಕುಳಿತರೆ ಚೆನ್ನ. ಪಿಲಾತನು ಕೈ ತೊಳೆದದ್ದೇಕೆ, ಆ ತಾಯಿ ಯಾರು, ಯೂದನು ಹಣವನ್ನು ಎಸೆದದ್ದೇಕೆ ಎಂದು ಅವರು ನಾಟಕದ ನಡುನಡುವೆ ಪಿಸುಮಾತಿನಲ್ಲಿ ಕೇಳುತ್ತಲೇ ಇರುತ್ತಾರೆ.